ಖಾಯಂ ಅನ್ನದ ಹತ್ತು ನಿಮಿಷ

ಸಿಂಧನೂರಿನ ಆದೆಪ್ಪನವರಿಗೆ ಐವತ್ತು ದಾಟಿದ ಮೇಲೆ ಒಂದು ತತ್ವ ಸಿಕ್ಕಿತು. ದೊಡ್ಡವರಿಗೆ ತತ್ವ ಸಿಗುವುದು ಮರದ ಕೆಳಗೆ, ನದಿಯ ದಂಡೆಯ ಮೇಲೆ ಎಂದು ಕೇಳಿದ್ದೇವೆ. ಆದೆಪ್ಪನವರಿಗೆ ಸಿಕ್ಕಿದ್ದು ಮಸ್ಕಿಯ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ, ಸುಡುವ ಬಿಸಿಲಿನಲ್ಲಿ, ಫೋನಿನಲ್ಲಿ ಬೈಸಿಕೊಳ್ಳುತ್ತಿದ್ದಾಗ.

ಅವರು ಮೊದಲು ಊರಿನಲ್ಲಿ ಕೇಬಲ್ ಟಿವಿಯ ವೈರು ಎಳೆಯುತ್ತಿದ್ದರು. ಮಾಲೀಕ ಹುಸೇನಬಾಷಾ ಕಾಲ ನೋಡಿ ಧಂದೆಯನ್ನು ಇಂಟರ್ನೆಟ್ಟಿಗೆ ತಿರುಗಿಸಿದಾಗ ಆದೆಪ್ಪನವರು ಏಣಿಯಿಂದ ಇಳಿದು ಕುರ್ಚಿಯ ಮೇಲೆ ಕುಳಿತರು. ಲಿಂಗಸುಗೂರಿನಿಂದ ಬರುವ ಲೈನು ಮಸ್ಕಿಯ ಆ ಮಾಳಿಗೆಯ ಮೇಲಿರುವ ರೂಟರ್ ಎಂಬ ಪೆಟ್ಟಿಗೆಯನ್ನು ಮುಟ್ಟಿ, ಅಲ್ಲಿಂದ ಸಿಂಧನೂರಿಗೆ ಬರುತ್ತದೆ. ಯಾವುದು ಯಾವ ದಾರಿ ಹಿಡಿದು ಹೋಗಬೇಕೆಂದು ತೀರ್ಮಾನಿಸುವುದು ಆ ಪೆಟ್ಟಿಗೆ. ಅಂಥ ಪೆಟ್ಟಿಗೆಗೆ ಸಿಂಧನೂರಿನಲ್ಲಿ ಕುಳಿತೇ ಅಪ್ಪಣೆ ಕೊಡಬಹುದೆಂದು ತಿಳಿದ ದಿನದಿಂದ ಆದೆಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಡತೊಡಗಿದರು.

ಅಪ್ಪಣೆ ಕೊಡುವ ಭರದಲ್ಲಿ ಒಂದು ದಿನ ಅವರು ತಾವು ಒಳಗೆ ಹೊಕ್ಕಿದ್ದ ದಾರಿಯನ್ನೇ ಮುಚ್ಚಿಬಿಟ್ಟರು. ಪೆಟ್ಟಿಗೆ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿತು. ಸಿಂಧನೂರಿಗೆ ಸಿಂಧನೂರೇ ಇಂಟರ್ನೆಟ್ ಇಲ್ಲದೆ ಕುಳಿತಿತು. ಸರಿಪಡಿಸಲು ಒಳಗೆ ಹೋಗೋಣವೆಂದರೆ ಅಪ್ಪಣೆ ಕೊಟ್ಟವರಿಗೂ ಪ್ರವೇಶವಿಲ್ಲ. ಕೊನೆಗೆ ಬಸ್ಸು ಹಿಡಿದು ಮಸ್ಕಿಗೆ ಹೋಗಿ, ಮಾಳಿಗೆ ಹತ್ತಿ, ಕೈಯಾರೆ ಸರಿ ಮಾಡಬೇಕಾಯಿತು. ಆಗಲೇ ಹುಬ್ಬಳ್ಳಿಯ ಇಂಜಿನಿಯರೊಬ್ಬರು ಫೋನಿನಲ್ಲಿ ಮನಸಾರೆ ಬೈದು, ಆಮೇಲೆ ಕನಿಕರಪಟ್ಟು ಒಂದು ಉಪಾಯ ಹೇಳಿಕೊಟ್ಟದ್ದು.

ಉಪಾಯ ಹೀಗಿತ್ತು. ಹೊಸ ವ್ಯವಸ್ಥೆ ಹಾಕುವಾಗ ‘ಹತ್ತು ನಿಮಿಷಕ್ಕೆ ಮಾತ್ರ’ ಎಂದು ಹೇಳಿ ಹಾಕಬೇಕು. ಪೆಟ್ಟಿಗೆ ಹಳೆಯದನ್ನು ಒಳಗೆ ಎತ್ತಿಟ್ಟುಕೊಂಡು ಹೊಸದನ್ನು ನಡೆಸುತ್ತದೆ. ಎಲ್ಲ ಸರಿಯಿದ್ದರೆ ಹತ್ತು ನಿಮಿಷದೊಳಗೆ ‘ಕನ್‌ಫರ್ಮ್’ ಎನ್ನಬೇಕು. ಹಾಗೆ ಅಂದರೆ ಹೊಸದು ಉಳಿಯುತ್ತದೆ. ಅನ್ನದಿದ್ದರೆ, ಎಂದರೆ ಅಪ್ಪಣೆ ಕೊಟ್ಟ ಮಹಾಶಯ ಮತ್ತೆ ಹೊರಗೆ ಸಿಕ್ಕಿಹಾಕಿಕೊಂಡಿದ್ದರೆ, ಪೆಟ್ಟಿಗೆ ಯಾರನ್ನೂ ಕೇಳದೆ ಹೊಸದನ್ನು ಕಿತ್ತು ಹಳೆಯದನ್ನೇ ಹಾಕಿಕೊಳ್ಳುತ್ತದೆ. ಯಾರೂ ಬಸ್ಸು ಹತ್ತಬೇಕಿಲ್ಲ.

ಆದೆಪ್ಪನವರು ‘ಕನ್‌ಫರ್ಮ್’ ಎಂಬುದನ್ನು ‘ಖಾಯಂ’ ಎಂದು ಮಾಡಿಕೊಂಡು, ಉಪಾಯವನ್ನು ತತ್ವದ ಮಟ್ಟಕ್ಕೆ ಏರಿಸಿದರು. ತತ್ವದಲ್ಲಿ ದೋಷವಿರಲಿಲ್ಲ. ದೋಷ ಆದೆಪ್ಪನವರಲ್ಲಿತ್ತು. ಹೊಸದನ್ನು ಹಾಕುತ್ತಿದ್ದರು, ದೀಪ ಹಸಿರಾಗುತ್ತಿತ್ತು, ಎದೆ ಉಬ್ಬಿಸಿಕೊಂಡು ಚಹಾಕ್ಕೆ ಹೋಗುತ್ತಿದ್ದರು, ಖಾಯಂ ಅನ್ನುವುದನ್ನು ಮರೆಯುತ್ತಿದ್ದರು. ಬರುವಷ್ಟರಲ್ಲಿ ಎಲ್ಲ ಮೊದಲಿನಂತೆ ಆಗಿರುತ್ತಿತ್ತು. “ನೋಡ್ರಿ, ಎಷ್ಟ್ ಜ್ವಾಕಿ ಐತಿ ನಮ್ಮ ಸಿಸ್ಟಮ್!” ಎಂದು ಅದಕ್ಕೂ ಹೆಮ್ಮೆಪಡುತ್ತಿದ್ದರು.

ತತ್ವ ಮನೆಗೂ ಬಂತು. ಒಂದು ಬೆಳಿಗ್ಗೆ ಮಂಚವನ್ನು ಕಿಟಕಿಯ ಕಡೆ ಎಳೆದು, ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಪಕೀರಮ್ಮನಿಗೆ ಹೇಳಿದರು.

“ಹತ್ತು ನಿಮಿಷಕ್ಕ ಇಲ್ಲಿ ಹಾಕೀನಿ. ನೀ ಖಾಯಂ ಅಂದ್ರ ಇರತೈತಿ. ಅನಲಿಲ್ಲಂದ್ರ ವಾಪಸ್.”

ಪಕೀರಮ್ಮ ಏನೂ ಅನ್ನಲಿಲ್ಲ. ಹತ್ತು ನಿಮಿಷ ಆದ ಮೇಲೆ ಆದೆಪ್ಪನವರು ಒಬ್ಬರೇ ಮಂಚವನ್ನು ಮೊದಲಿದ್ದ ಜಾಗಕ್ಕೆ ಎಳೆದು, ಸೊಂಟ ಹಿಡಿದುಕೊಂಡು ಅದರ ಮೇಲೇ ಮಲಗಿದರು.

“ನಮ್ಮ ಮದುವಿ ದಿನಾನೂ ಈ ಹತ್ತು ನಿಮಿಷ ಇಟ್ಟಿದ್ರ ಏಟು ಛಲೋ ಇತ್ತು. ನಾ ಯಾವಾಗೋ ತುರ್ವಿಹಾಳದ ತವರಮನಿಗೆ ವಾಪಸ್ ಹೋಗಿರ್ತಿದ್ದೆ” ಎಂದರು ಪಕೀರಮ್ಮ, ಹೆಂಚಿನ ಕಡೆಗೆ ನೋಡುತ್ತಲೇ.

ಇಂಥ ತಂದೆಗೆ ಅಮರೇಶ್ವರಿ ಎಂಬ ಬುದ್ಧಿವಂತ ಮಗಳು. ಜವಳಗೇರಾದ ಶಾಲೆಯಲ್ಲಿ ಟೀಚರು. ನೋಡಲು ಬಂದ ವರಗಳಿಗೆಲ್ಲ ಒಂದಲ್ಲ ಒಂದು ಕಾರಣ ಹೇಳಿ ಬಾಗಿಲು ತೋರಿಸಿದವಳು, ಮುದಗಲ್ಲಿನ ವೀರೇಶ ಬಂದು ಹೋದ ದಿನ ಮಾತ್ರ ಏನೂ ಹೇಳದೆ ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದಳು. ವೀರೇಶ ಪಶು ಆಸ್ಪತ್ರೆಯಲ್ಲಿ ನೌಕರಿ ಮಾಡುವ ಮೆದು ಮಾತಿನ ಹುಡುಗ. ತಂದೆ ಇಲ್ಲದ ಅವನನ್ನು ಬೆಳೆಸಿದವರು ಸೋದರಮಾವ ದುರುಗಪ್ಪ. ಆ ಮನೆಯಲ್ಲಿ ಹೂಂ ಅನ್ನಬೇಕಾದವರೂ ಅವರೇ, ಉಹೂಂ ಅನ್ನಬೇಕಾದವರೂ ಅವರೇ.

ದುರುಗಪ್ಪನವರು ನಿವೃತ್ತ ಬಸ್ ಕಂಡಕ್ಟರು. “ಹರದ ಟಿಕೇಟು ವಾಪಸ್ ತಗೊಳ್ಳಾಂವಲ್ಲ ನಾ” ಎಂಬುದು ಅವರ ಬಾಳಿನ ನಿಯಮ. ಆಡಿದ ಮಾತಿಗೂ ಅದೇ ನಿಯಮ. ಒಮ್ಮೆ ಡ್ರೈವರನೊಂದಿಗೆ ಜಗಳವಾಡಿ “ನಿನ್ನ ಬಸ್ಸು ಹತ್ತಂಗಿಲ್ಲ” ಎಂದುಬಿಟ್ಟು, ತಾವೇ ಕಂಡಕ್ಟರಾದ ಬಸ್ಸಿನ ಹಿಂದೆ ಮುಂದಿನ ಸ್ಟಾಪಿನ ತನಕ ನಡೆದುಕೊಂಡು ಹೋಗಿದ್ದರಂತೆ. ಪ್ರಯಾಣಿಕರು ಕಿಟಕಿಯಿಂದ ಕೈ ಚಾಚಿ ಟಿಕೇಟು ಪಡೆದರಂತೆ. ಅವರಿಗೆ ಹುಡುಗಿ ಒಪ್ಪಿಗೆಯಾಗಿದ್ದಳು. ಈ ಭಾನುವಾರ ಫೋನ್ ಮಾಡಿ ಒಳ್ಳೆಯ ದಿನ ಹೇಳುತ್ತೇನೆಂದಿದ್ದರು.

ಅದೇ ಭಾನುವಾರ ಹುಸೇನಬಾಷಾ ಲಿಂಗಸುಗೂರಿನ ಲೈನಿನ ಬದಲು ಮುದಗಲ್ ಕಡೆಯಿಂದ ಬಂದ ಹೊಸ ಲೈನನ್ನು ಹಾಕಲು ಹೇಳಿದ್ದ. ಆದೆಪ್ಪನವರು ಆಫೀಸಿನಲ್ಲಿ ಕುಳಿತು ಮಸ್ಕಿಯ ಪೆಟ್ಟಿಗೆಗೆ ಅಪ್ಪಣೆ ಕೊಟ್ಟರು, ಹತ್ತು ನಿಮಿಷಕ್ಕೆ. ಮಾಳಿಗೆಯ ಮೇಲೆ ದೀಪ ನೋಡಲು ನಿಂತಿದ್ದ ಸಹಾಯಕ ಲಾಲಪ್ಪ ಫೋನಿನಲ್ಲಿದ್ದ. ಆಗಲೇ ದುರುಗಪ್ಪನವರ ಕರೆ ಬಂತು. ಆದೆಪ್ಪನವರು ಗಡಿಬಿಡಿಯಲ್ಲಿ ಫೋನಿನ ಮೇಲೆ ಹೆಬ್ಬೆಟ್ಟು ಒತ್ತಿದರು. ಅವರ ಹೆಬ್ಬೆಟ್ಟು ಎರಡು ಕರೆಗಳನ್ನು ಒಂದು ಮಾಡಿತು. ಬೀಗರ ಕರೆ ತಾನಾಗಿ ಕಟ್ಟಾಯಿತೆಂದು ತಿಳಿದು ಅವರು ಲಾಲಪ್ಪನೊಂದಿಗೆ ಮಾತು ಮುಂದುವರಿಸಿದರು. ಮುದಗಲ್ಲಿನಲ್ಲಿ ದುರುಗಪ್ಪನವರು ಕಿವಿಗೊಟ್ಟು ಕೇಳಿದರು.

“ಅಣ್ಣಾ, ಮುದಗಲ್‌ದು ಹೆಂಗೈತಿ?” ಎಂದ ಲಾಲಪ್ಪ.

“ನೋಡಾಕ ಛಲೋ ಐತಿ. ಆದ್ರ ಅಷ್ಟ್ ಲಗೂನ ನಂಬಾಕ ಬರಂಗಿಲ್ಲ. ಹತ್ತು ನಿಮಿಷ ನಡಿಸಿ ನೋಡೂಣು. ಆಮ್ಯಾಲ ಖಾಯಂ ಮಾಡೂದು.”

“ನಡೀಲಿಲ್ಲಂದ್ರ?”

“ನಡೀಲಿಲ್ಲಂದ್ರ ಲಿಂಗಸುಗೂರಿನ ಹಳೇದು ಐತಲ್ಲೋ! ಅದನ್ನೇನು ಬಿಟ್ಟೀನೇನು? ಒಳಗ ಜ್ವಾಕಿಲೆ ಇಟ್ಟೀನಿ. ಮುದಗಲ್‌ದು ಕಿತ್ತಿ ಒಗದು ಅದನ್ನಾ ಕುಂದರಸ್ತೀನಿ.”

“ಮುದಗಲ್‌ನವರಿಗೆ ಗೊತ್ತೈತೇನಣ್ಣಾ?”

“ಅವ್ರಿಗ್ಯಾಕ ಹೇಳಬೇಕಲೇ? ನಮ್ಮ ಮನಿ ಕೆಲಸ ಇದು.”

“ಏ ಆದೆಪ್ಪಾ! ಯಾವ ಹಳೇದು ಅದು?” ಎಂದು ಫೋನು ಗುಡುಗಿತು.

ಆದೆಪ್ಪನವರಿಗೆ ಅದು ಲಾಲಪ್ಪನ ದನಿಯೇ. “ಲೇ, ಯಾರಿಗೆ ಏಕವಚನ? ಮಾಳಗಿ ಮ್ಯಾಲ ಕುಂತೀನಂತ ಸೊಕ್ಕು ಬಂತೇನು? ಕೆಳಗ ಇಳಿ ಮೊದಲು!” ಎಂದು ಗದರಿಸಿ ಫೋನಿಟ್ಟರು. ಶಿಸ್ತು ಕಾಪಾಡಿದ ತೃಪ್ತಿಯಲ್ಲಿ ಚಹಾಕ್ಕೆ ಹೋದರು. ಖಾಯಂ ಅನ್ನಲಿಲ್ಲ. ಹತ್ತು ನಿಮಿಷಕ್ಕೆ ಸರಿಯಾಗಿ ಪೆಟ್ಟಿಗೆ ತನ್ನ ಕೆಲಸ ಮಾಡಿತು.

ಮುದಗಲ್ಲಿನಲ್ಲಿ ದುರುಗಪ್ಪನವರು ಪರಿಚಯದವರ ಕಾರು ತರಿಸಿ, ಅಳಿಯನನ್ನು ರಟ್ಟೆ ಹಿಡಿದು ಒಳಗೆ ಕೂರಿಸಿದರು.

“ಏನಾತು ಮಾವಾ?”

“ಸುಮ್ಮ ಕುಂದ್ರು. ನಿನ್ನ ಹತ್ತು ನಿಮಿಷಕ್ಕ ಹಾಕ್ಯಾರ.”

ವೀರೇಶನಿಗೆ ಏನೂ ಅರ್ಥವಾಗಲಿಲ್ಲ. ಲಿಂಗಸುಗೂರು ದಾಟುವಾಗ ಮಾವ ಕಿಟಕಿಯಿಂದ ತಲೆ ಹೊರಹಾಕಿ, ಬಸ್‌ಸ್ಟ್ಯಾಂಡಿನ ಬಳಿ ನಿಂತ ಗಂಡಸರನ್ನೆಲ್ಲ ಒಬ್ಬೊಬ್ಬರನ್ನಾಗಿ ದುರುಗುಟ್ಟಿ ನೋಡಿದ್ದಂತೂ ಅವನಿಗೆ ಬಗೆಹರಿಯಲೇ ಇಲ್ಲ.

ಸಿಂಧನೂರಿಗೆ ಬಂದ ದುರುಗಪ್ಪನವರು ನ್ಯಾಯವಂತರು. ಸಾಕ್ಷಿ ಕೇಳದೆ ತೀರ್ಪು ಕೊಡುವವರಲ್ಲ. ಆದೆಪ್ಪನವರ ಪಕ್ಕದ ಮನೆಯ ಕಟ್ಟೆಯ ಮೇಲೆ ಶಂಶಾದ್‌ಬೀ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದಳು. ನೇರವಾಗಿ ಅವಳ ಬಳಿಗೆ ಹೋದರು.

“ಏನವ್ವಾ, ಇವರ ಮನ್ಯಾಗ ಲಿಂಗಸುಗೂರಿಂದು ಒಂದು ಹಳೇದು ಐತಂತ. ಖರೇ ಏನು?”

ಲಿಂಗಸುಗೂರಿಂದು ಎಂದರೆ ಆ ಓಣಿಯಲ್ಲಿ ಒಂದೇ ಅರ್ಥ. ಶಂಶಾದ್‌ಬೀ ಮುಖವರಳಿಸಿದಳು. “ಐತಲ್ಲ ಭಾಯ್! ಯಾವಾಗಿಂದಾನೋ ಐತಿ. ಇವರದಷ್ಟ ಅಲ್ಲ, ನಮ್ಮ ಮನಿಗೂ ಅದಾ ಬರತೈತಿ.”

ದುರುಗಪ್ಪನವರು ಲೈಟಿನ ಕಂಬ ಹಿಡಿದುಕೊಂಡರು. “ನಿಮ್ಮ ಮನಿಗೂ?”

“ಈ ಓಣ್ಯಾಗ ಎಲ್ಲಾರ ಮನಿಗೂ. ಮಳಿ ಗಾಳಿ ಬಂದ್ರ ಬರಂಗಿಲ್ಲ, ಇಲ್ಲಂದ್ರ ಹಗಲು ರಾತ್ರಿ ಐತಿ. ಒಮ್ಮೊಮ್ಮೆ ಮಂದ ಆಗತೈತಿ ಅನ್ರಿ. ಅದಕ್ಕ ಆದೆಪ್ಪಣ್ಣ ಬಂದು ಎರಡು ಏಟು ಹಾಕ್ತಾನ, ಸರಿ ಹೋಗತೈತಿ.”

ಸಾಕ್ಷ್ಯ ಮುಗಿಯಿತು. ದುರುಗಪ್ಪನವರು ಹೆಚ್ಚಿನದೇನೂ ಕೇಳದೆ ಆದೆಪ್ಪನವರ ಹೊಸ್ತಿಲು ದಾಟಿದರು. ವೀರೇಶ ಚಪ್ಪಲಿ ಬಿಟ್ಟು ಹಿಂದೆ ಬಂದ.

ಊಟಕ್ಕೆಂದು ಮನೆಗೆ ಬಂದಿದ್ದ ಆದೆಪ್ಪನವರು ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡನೆಯ ಸಲ ಮುದಗಲ್ ಲೈನನ್ನು ಹತ್ತು ನಿಮಿಷಕ್ಕೆ ಹಾಕಿ ಕುಳಿತಿದ್ದರು. ಬೀಗರನ್ನು ಕಂಡು ಎದ್ದು ನಿಂತರು.

“ಬರ್ರಿ ಬೀಗರ, ಬರ್ರಿ! ಫೋನು ಮಾಡ್ತಾರಂದ್ರ ತಾವಾ ಬಂದ್ರಲ್ಲ! ಲೇ, ನೀರು ತಾರಬೇ!”

“ಆ ಲಿಂಗಸುಗೂರಿಂದು ಎಲ್ಲೈತಿ?”

ಬೀಗರಿಗೂ ತಂತ್ರಜ್ಞಾನದಲ್ಲಿ ಆಸಕ್ತಿ ಇದೆಯೆಂದು ಆದೆಪ್ಪನವರಿಗೆ ಆದ ಆನಂದ ಅಷ್ಟಿಷ್ಟಲ್ಲ. “ಒಳಗ ಐತ್ರಿ. ಹೊರಗ ಕಾಣಂಗಿಲ್ಲ. ಸದ್ಯಕ್ಕ ಮುದಗಲ್‌ದು ನಡದೈತಿ. ಹೆಂಗ ನಡೀತೈತಿ ನೋಡಿ…”

ಆ ಗಳಿಗೆಗೆ ಫೋನು ಬಡಿದುಕೊಂಡಿತು. ಆದೆಪ್ಪನವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವರು. ಲಾಲಪ್ಪನ ದನಿ ಮನೆ ತುಂಬಿತು.

“ಅಣ್ಣಾ, ಮತ್ತ ಮರತ್ರೇನು? ಮುದಗಲ್‌ದು ತಾನಾ ಎದ್ದು ಹೋತು! ಲಿಂಗಸುಗೂರಿಂದು ಬಂದು ಕುಂತೈತಿ!”

“ಮುಂಜಾನಿ ಫೋನಿನ್ಯಾಗ ಕೇಳಿದ್ದು ಖರೇನಾ ಆತು. ಈ ಸಂಬಂಧ ಬ್ಯಾಡ!” ಎಂದರು ದುರುಗಪ್ಪನವರು.

ಪಕೀರಮ್ಮನ ಕೈಯಲ್ಲಿದ್ದ ನೀರಿನ ಚೆಂಬು ಅಲ್ಲೇ ನಿಂತಿತು. ಅಡುಗೆಮನೆಯಿಂದ ಅಮರೇಶ್ವರಿ ಹೊರಗೆ ಬಂದಳು. ವೀರೇಶನ ಕಡೆ ನೋಡಿದಳು. ಅವನ ಮುಖ ಬಿಳಚಿಕೊಂಡಿತ್ತು. ಅವಳಿಗೆ ಅಳು ಬರುವಂತಿತ್ತು, ಆದರೆ ಅದಕ್ಕಿಂತ ಮೊದಲು ತಂದೆಯ ಮೇಲೆ ಅನುಮಾನ ಬಂತು. ಮಂಚದ ಮೇಲಿನ ಫೋನನ್ನು ಎತ್ತಿಕೊಂಡಳು.

“ಲಾಲಪ್ಪ ಕಾಕಾ, ಮುದಗಲ್‌ದು ಅಂದ್ರಲ್ಲ, ಏನು ಅದು?”

“ಏನವ್ವಾ ಹಿಂಗ ಕೇಳ್ತಿ? ವೈರು.”

“ಮತ್ತ ಲಿಂಗಸುಗೂರಿಂದು?”

“ಅದೂ ವೈರಾ. ಹಳೇ ವೈರು.”

“ಮುಂಜಾನಿ ಅಪ್ಪನ ಕೂಡ ಮಾತಾಡಿದ್ದೂ ಇದಾ ಏನು?”

“ಮತ್ತೇನು? ಅದಕ್ಕಾ ನಿಮ್ಮಪ್ಪ ನನಗ ಸೊಕ್ಕು ಅಂತ ಬೈದ. ನಾ ಉಸಿರಾ ಎತ್ತಿದ್ದಿಲ್ಲ!”

ದುರುಗಪ್ಪನವರು ಕುರ್ಚಿಯ ಮೇಲೆ ಕುಸಿದು ಕುಳಿತರು. ತಾವು ಇಷ್ಟು ದೂರ ಕಾರು ಮಾಡಿಕೊಂಡು ಬಂದು ಜಗಳ ತೆಗೆದದ್ದು ಒಂದು ವೈರಿನ ಜೊತೆ ಎಂದು ತಿಳಿಯಿತು. ತಿಳಿದರೇನು? ಮಾತು ಬಾಯಿಂದ ಹೊರಬಿದ್ದಾಗಿತ್ತು.

“ಮಾವಾ…” ಎಂದ ವೀರೇಶ.

“ಏನು ಮಾಡ್ಲಿ ವೀರೇಶಾ? ಬ್ಯಾಡ ಅಂದುಬಿಟ್ಟೆ. ಹರದ ಟಿಕೇಟು” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು. ಮಗನಂತೆ ಬೆಳೆಸಿದ ಹುಡುಗನ ಸುಖವನ್ನು ತಮ್ಮ ಕೈಯಿಂದಲೇ ಹಾಳು ಮಾಡಿದ್ದರು. ಆದರೂ ತಪ್ಪಾಯಿತು ಎಂಬ ಮಾತು ಅವರ ನಾಲಿಗೆಯ ಮೇಲೆ ಬರುವಂತಿರಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಅಮರೇಶ್ವರಿ ಫೋನು ಕೆಳಗಿಟ್ಟಳು. “ಮಾವಾರ, ಇವರು ನನಗ ಮನಸಿಗೆ ಬಂದಾರ. ಮುಚ್ಚಿಟ್ಟು ಏನು ಮಾಡ್ಲಿ? ನಿಮ್ಮ ಮಾತು ಮುರೀರಿ ಅಂತ ನಾ ಅನ್ನಂಗಿಲ್ಲ. ಆದ್ರ ಒಂದು ವೈರಿನ ಸಲುವಾಗಿ ಹೋತಲ್ಲ ಅಂತ ಭಾಳ ಸಂಕಟ ಆಗಾಕತ್ತೈತ್ರಿ.”

ಅಂಥ ಹೊತ್ತಿನಲ್ಲಿ ಮಾತಾಡುವ ಧೈರ್ಯ ಇದ್ದದ್ದು ಪರಿಸ್ಥಿತಿ ಅರ್ಥವಾಗದ ಒಬ್ಬರಿಗೆ ಮಾತ್ರ. ಆದೆಪ್ಪನವರು ಗೋಡೆಯ ಗಡಿಯಾರ ನೋಡಿ ಗಂಟಲು ಸರಿಪಡಿಸಿಕೊಂಡರು.

“ಬೀಗರ, ನೀವು ಬ್ಯಾಡ ಅಂದು ಇನ್ನೂ ಹತ್ತು ನಿಮಿಷ ಆಗಿಲ್ರಿ.”

“ಆದ್ರ?”

“ಖಾಯಂ ಅಂದೀರೇನು?”

ದುರುಗಪ್ಪನವರು ನೆನಪಿಸಿಕೊಂಡರು. “ಇಲ್ಲ. ಬ್ಯಾಡ ಅಂದೀನಿ ಅಷ್ಟ.”

“ಹಂಗಾರ ಚಿಂತಿ ಯಾಕ? ಸುಮ್ಮ ಕುಂದರ್ರಿ. ತಾನಾ ಮೊದಲಿದ್ದಂಗ ಆಗತೈತಿ. ಮಸ್ಕ್ಯಾಗ ಈಗ ಯಾರರ ಕೈ ಹಚ್ಚಿದ್ರೇನು? ಲಾಲಪ್ಪ ನಿಂತು ನೋಡ್ಯಾನ ಅಷ್ಟ. ತಾನಾ ಹೋತು, ತಾನಾ ಬಂತು.”

“ಟಿಕೇಟಿಗೆ ಹಂಗ ಕಾಯ್ದೆ ಇಲ್ಲಪಾ.”

“ಟಿಕೇಟಿಗಿಲ್ಲ. ರೂಟರಿಗೈತಿ.”

ದುರುಗಪ್ಪನವರು ಇದನ್ನು ತಪಾಸಣೆಗೆ ಬಂದ ಅಧಿಕಾರಿಯಂತೆ ಹಿಂದೆ ಮುಂದೆ ತಿರುಗಿಸಿ ನೋಡಿದರು. “ಅಂದ್ರ ನಾ ಮಾತು ವಾಪಸ್ ತಗೊಂಡಂಗ ಆಗಂಗಿಲ್ಲ?”

“ಹೆಂಗಾಗತೈತ್ರಿ? ನೀವು ಬಾಯಿನ ತೆಗಿಯಂಗಿಲ್ಲ!”

ದುರುಗಪ್ಪನವರು ವೀರೇಶನ ಮುಖ ನೋಡಿದರು. ಅಮರೇಶ್ವರಿಯ ಮುಖ ನೋಡಿದರು. ಗಡಿಯಾರ ನೋಡಿದರು. ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಮಂಚ ಎಳೆದಾಡಿದ ದಿನದಿಂದ ಈ ತತ್ವವನ್ನು ಶಪಿಸುತ್ತ ಬಂದಿದ್ದ ಪಕೀರಮ್ಮ ಚೆಂಬು ಕೆಳಗಿಟ್ಟು, ಬೀಗರು ಎದ್ದು ಹೋಗದಂತೆ ಹೊಸ್ತಿಲಿಗೆ ಅಡ್ಡವಾಗಿ ಕುಳಿತುಬಿಟ್ಟರು.

ಮನುಷ್ಯನಿಗೆ ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ಅಂದು ಆ ಮನೆಯವರಿಗೆ ತಿಳಿಯಿತು. ಗಡಿಯಾರದ ಮುಳ್ಳು ಕಾಲು ನೋವಿದ್ದವರಂತೆ ಸಾಗುತ್ತಿತ್ತು. ದುರುಗಪ್ಪನವರಿಗೆ ಸೀನು ಬಂತು, ಅದನ್ನೂ ತಡೆದುಕೊಂಡರು. ಸೀನು ಯಾವ ಲೆಕ್ಕಕ್ಕೆ ಬರುತ್ತದೋ ಯಾರಿಗೆ ಗೊತ್ತು! ಅಮರೇಶ್ವರಿ ಒಳಗೆ ಹೋಗಿ, ಮಧ್ಯಾಹ್ನಕ್ಕೆಂದು ಮಂಡಕ್ಕಿಯಲ್ಲಿ ಮಾಡಿದ್ದ ಒಗ್ಗರಣಿ ಮಂಡಾಳು ಮತ್ತು ಮಿರ್ಚಿ ಭಜಿಯನ್ನು ತಟ್ಟೆಯಲ್ಲಿ ತಂದು ಸದ್ದಾಗದಂತೆ ಸ್ಟೂಲಿನ ಮೇಲಿಟ್ಟಳು.

ಇನ್ನೇನು ಗಂಡಾಂತರ ಕಳೆಯಿತು ಅನ್ನುವಾಗ ಶಂಶಾದ್‌ಬೀ ಸುಲಿದ ಬೆಳ್ಳುಳ್ಳಿಯೊಂದಿಗೆ ಬಾಗಿಲಿಗೆ ಬಂದಳು. ಬೀಗರು ಕುಳಿತಿದ್ದಾರೆ, ಹುಡುಗ ಕುಳಿತಿದ್ದಾನೆ, ತಟ್ಟೆ ಬಂದಿದೆ. ಅವಳ ಮುಖ ಹಿಗ್ಗಿತು.

“ಅರೇ ವ್ಹಾ! ಏನ್ ಭಾಯ್, ಖಾಯಂ ಏನು?”

ಈಗ ಖಾಯಂ ಅಂದರೆ ‘ಬ್ಯಾಡ’ ಅಂದದ್ದೇ ಉಳಿದುಬಿಡುತ್ತಿತ್ತು. ಪ್ರಯಾಣಿಕರು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟ ದಿನ ದುರುಗಪ್ಪನವರ ನೌಕರಿಯಲ್ಲೇ ಇರಲಿಲ್ಲ. ಅಭ್ಯಾಸಬಲದಿಂದ ಅವರ ಬಾಯಿ ತೆರೆಯಿತು. “ಖಾ…” ಎಂಬಷ್ಟು ಹೊರಗೂ ಬಂತು. ಮರುಕ್ಷಣ ಅವರೇ ಗಾಬರಿಯಾಗಿ, ತಟ್ಟೆಗೆ ಕೈ ಹಾಕಿ, ಒಂದು ಇಡೀ ಮಿರ್ಚಿಯನ್ನು ಬಾಯಿಗೆ ತುರುಕಿಕೊಂಡರು.

ಪಕೀರಮ್ಮನ ಮನೆಯ ಮಿರ್ಚಿಯ ಒಳಗಿರುವ ಮೆಣಸಿನಕಾಯಿಯ ಬಗ್ಗೆ ಓಣಿಯವರು ಹೊಸಬರಿಗೆ ಮುಂಚಿತವಾಗಿ ಎಚ್ಚರಿಕೆ ಕೊಡುವುದುಂಟು. ದುರುಗಪ್ಪನವರಿಗೆ ಯಾರೂ ಕೊಟ್ಟಿರಲಿಲ್ಲ. ಅವರ ಕಿವಿ ಕೆಂಪಾಯಿತು, ಮೂಗು ಕೆಂಪಾಯಿತು, ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಆದರೂ ತುಟಿ ಬಿಚ್ಚಲಿಲ್ಲ.

“ಪಾಪ! ಹೆಣ್ಣು ಕೊಡೋರು ಅಳೂದು ನೋಡೀನಿ. ಹೆಣ್ಣು ಬೇಡಾಕ ಬಂದವ್ರು ಹಿಂಗ ಅಳೂದು ಇವತ್ತಾ ನೋಡಿದ್ದು” ಎಂದು ಶಂಶಾದ್‌ಬೀ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು.

“ಆತು! ಹತ್ತು ನಿಮಿಷ ಆತು!” ಎಂದು ಆದೆಪ್ಪನವರು ಕೂಗಿದರು.

ಕೂಗಿದ್ದೇ ತಡ, ದುರುಗಪ್ಪನವರು ಕುರ್ಚಿಯಿಂದ ಹಾರಿ ಎದ್ದು, ನಾಲಿಗೆ ಹೊರಹಾಕಿ, ಎರಡೂ ಕೈ ಚಾಚಿ ಅರಚಿದರು.

“ಸಕ್ರಿ! ಸಕ್ರಿ ತರ್ರಿ! ಲಗೂನ ಸಕ್ರಿ ತರ್ರಿ!”

ಹೆಣ್ಣಿನ ಮನೆಯಲ್ಲಿ ನಿಂತು ಗಂಡಿನ ಕಡೆಯ ಹಿರಿಯ ಸಕ್ಕರೆ ತನ್ನಿ ಅಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಸಕ್ಕರೆ ತಿಂದರು ಅಂದರೆ ಸಂಬಂಧ ಆಯಿತು. “ಮುಬಾರಕ್! ಮುಬಾರಕ್!” ಎನ್ನುತ್ತ ಶಂಶಾದ್‌ಬೀ ಓಣಿಗೆ ಓಡಿದಳು. ಮೂಲೆಮನೆಯ ತನಕ ಸುದ್ದಿ ಮುಟ್ಟಿದ್ದು ಗೊತ್ತಾಯಿತು, ಅಲ್ಲಿ ಯಾರೋ ಪಟಾಕಿ ಹಚ್ಚಿದರು. ಆದೆಪ್ಪನವರು ಬೀಗರನ್ನು ಬಾಚಿ ತಬ್ಬಿಕೊಂಡರು. ವೀರೇಶ ನಗಬೇಕೋ ಬೇಡವೋ ತಿಳಿಯದೆ ಮಾವನ ಮುಖವನ್ನೇ ನೋಡುತ್ತ ನಿಂತ.

ಅಮರೇಶ್ವರಿ ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಬಂದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ದುರುಗಪ್ಪನವರ ಅಂಗೈಗೆ ಒಂದು ಚಮಚ ಹಾಕಿದಳು. ಅವರು ಗಬಕ್ಕನೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಸಕ್ಕರೆ ಕರಗುವ ತನಕ ಹಾಗೇ ನಿಂತರು.

“ಮಾವಾರ, ಇದು ಖಾರಕ್ಕ ಕೇಳಿದ್ದು ಅಂತ ನನಗ ಗೊತ್ತೈತ್ರಿ” ಎಂದಳು ಅವಳು, ಅವರಿಗಷ್ಟೇ ಕೇಳುವಂತೆ. “ನಿಮಗ ಮನಸಿಲ್ಲಂದ್ರ ನಾ ಹೊರಗ ಹೋಗಿ ಎಲ್ಲಾರಿಗೂ ಹೇಳ್ತೀನಿ.”

ದುರುಗಪ್ಪನವರು ಪಂಚೆಯ ತುದಿಯಿಂದ ಕಣ್ಣು, ಮೂಗು ಒರೆಸಿಕೊಂಡರು. ಉಸಿರು ಹದಕ್ಕೆ ಬಂತು. ಒಂದು ಕ್ಷಣ ಹುಡುಗಿಯನ್ನು ನೋಡಿ, ಖಾಲಿಯಾದ ಅಂಗೈಯನ್ನು ಮತ್ತೆ ಅವಳ ಮುಂದೆ ಚಾಚಿದರು.

“ಬಾಯಿ ಉರಿಯೂದು ನಿಂತೈತಿ ಮಗಳಾ” ಎಂದರು. “ಈಗ ಇನ್ನೊಂದು ಚಮಚ ಹಾಕು.”